ಮೊಸರನ್ನ ತಿನ್ನುವ ನಾಯಿ

ಸೋಂಪಿನ ವಾಸನೆ ಬಂದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಊಟ ಮುಗಿದ ಮೇಲೆ ಹೋಟೆಲಿನವರು ಬಿಲ್ಲಿನ ಜೊತೆ ತಂದಿಡುವ ಪುಟ್ಟ ಬಟ್ಟಲು, ಅದರಲ್ಲಿ ಹಸಿರು ಸೋಂಪು, ನಡುನಡುವೆ ಕಲ್ಲುಸಕ್ಕರೆಯ ಹರಳು. ಎಲ್ಲರೂ ಚಮಚದಲ್ಲಿ ಅಂಗೈಗೆ ಹಾಕಿಕೊಂಡು ಬಾಯಾಡಿಸುವಾಗ ನಾನು ಎದ್ದು ಹೊರಗೆ ಹೋಗಿ ನಿಲ್ಲುತ್ತೇನೆ. ನನ್ನ ಗಂಡ ಮೋಹನ್ ಇದನ್ನು ನನ್ನ ಹಲವು ವಿಚಿತ್ರಗಳಲ್ಲಿ ಒಂದು ಎಂದು ಬಿಟ್ಟುಬಿಟ್ಟಿದ್ದಾನೆ. ಹೋದ ತಿಂಗಳು ನೋಯ್ಡಾದಲ್ಲಿ ನಮ್ಮ ಮನೆಯ ಹತ್ತಿರದ ಹೋಟೆಲಿನಲ್ಲಿ ಮಗಳು ತಾರಾಳ ಹುಟ್ಟುಹಬ್ಬದ ಊಟ ಮುಗಿಸಿ ಕೂತಿದ್ದಾಗ ಆ ಬಟ್ಟಲು ಬಂತು. ನಾನು ಕುರ್ಚಿ ಸರಿಸುವಷ್ಟರಲ್ಲಿ, ನಾಯಿ ಬೇಕೆಂದು ಕಾಡುತ್ತಿದ್ದ ತಾರಾ ತನ್ನ ಅಪ್ಪನ ಫೋನನ್ನು ನನ್ನ ಮುಂದೆ ಹಿಡಿದಳು. ಮಕ್ಕಳಿರುವ ಮನೆಗೆ ಯಾವ ತಳಿಯ ನಾಯಿ ಒಳ್ಳೆಯದು ಎಂದು ಯಾರೋ ಬರೆದಿದ್ದರು. ಲ್ಯಾಬ್ರಡಾರಿಗೆ ಐದು ನಕ್ಷತ್ರ, ಬೀಗಲ್‌ಗೆ ನಾಲ್ಕು, ಹೀಗೆ ಇಳಿಯುತ್ತಾ ಹೋಗಿ ಎಲ್ಲಕ್ಕಿಂತ ಕೆಳಗೆ ಪಾಮೇರಿಯನ್. ಚಿಕ್ಕ ಮಕ್ಕಳಿದ್ದರೆ ಎಚ್ಚರಿಕೆ, ಸಿಡುಕಿನ ಸ್ವಭಾವ, ಕಚ್ಚುವ ಸಂಭವ ಎಂದು ಅದರ ಎದುರಿಗೆ ಕೆಂಪು ಗುರುತು. ಬಿಳಿ ತುಪ್ಪಳದ, ಚೂಪು ಮೂತಿಯ ನಾಯಿ ಆ ಚಿತ್ರದಿಂದ ನನ್ನನ್ನೇ ನೋಡುತ್ತಿತ್ತು. ನನ್ನ ಮೂಗಿಗೆ ಸೋಂಪು ಬಡಿಯಿತು. ಮೈಯೆಲ್ಲ ಉರಿದುಹೋಯಿತು.

ನಾನು ಬೆಳೆದದ್ದು ದೆಹಲಿಯ ಲೋಧಿ ಕಾಲೋನಿಯ ಸರ್ಕಾರಿ ಕ್ವಾರ್ಟರ್ಸಿನಲ್ಲಿ, ಮೇಲಿನ ಮಹಡಿಯಲ್ಲಿ. ಅಪ್ಪ ಒಂದು ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್ ಆಗಿದ್ದರು. ಮೈಸೂರಿನಿಂದ ಬಂದ ನಾವು ನಾಲ್ಕೇ ಜನ: ಅಪ್ಪ, ಅಮ್ಮ, ನಾನು, ನನಗಿಂತ ಮೂರು ವರ್ಷಕ್ಕೆ ಚಿಕ್ಕವನಾದ ತಮ್ಮ ಸುಧಿ. ಎತ್ತರದ ಸೂರು, ದಪ್ಪ ಗೋಡೆ, ಬೀದಿಯ ಕಡೆಗೆ ದೊಡ್ಡ ಕಮಾನು, ಬೇಸಿಗೆ ಶುರುವಾಗುವ ಹೊತ್ತಿಗೆ ಮೆಟ್ಟಿಲ ತುಂಬ ಉದುರಿ ಬೀಳುವ ಬೇವಿನ ಹೂವು. ಕೂಲರಿನ ಹುಲ್ಲಿಗೆ ಅಮ್ಮ ಬಕೆಟ್ಟಿನಿಂದ ನೀರು ಹೊಯ್ದರೆ ಮನೆಯೆಲ್ಲ ಒದ್ದೆ ಹುಲ್ಲಿನ ವಾಸನೆ. ಅದರ ಜೊತೆಗೆ ಅಡುಗೆಮನೆಯಿಂದ ಇಂಗಿನ ಒಗ್ಗರಣೆ, ದೇವರ ಗೂಡಿನಿಂದ ಊದುಬತ್ತಿ, ಬೆಳಿಗ್ಗೆ ಮಾತ್ರ ಫಿಲ್ಟರಿನಿಂದ ಇಳಿಯುವ ಕಾಫಿ. ನಿಮಗೂ ಹೀಗೆ ಮೂಗಿನಲ್ಲಿ ಉಳಿದುಕೊಂಡ ಒಂದು ಮನೆ ಇದ್ದೇ ಇರುತ್ತದೆ. ಆದರೆ ನಿಮ್ಮದನ್ನು ಕೆಡವಿರಬಹುದು, ಮಾರಿರಬಹುದು. ನಮ್ಮದು ಹಾಗೇ ಇದೆ. ಅದೇ ಕಮಾನು, ಅದೇ ಬೇವಿನ ಮರ. ಬಾಗಿಲ ಮೇಲೆ ಬೇರೆ ಯಾರದೋ ಹೆಸರು. ಸರ್ಕಾರಿ ಮನೆಯಲ್ಲಿ ಬೆಳೆದವರು ಹಿಂತಿರುಗಿ ಹೋಗಿ ಬಾಗಿಲು ತಟ್ಟಿದರೆ ಯಾರು ಬೇಕು ಅಂತ ಹಿಂದಿಯಲ್ಲಿ ಕೇಳುತ್ತಾರೆ.

ನಮ್ಮದು ಸಸ್ಯಾಹಾರಿ ಮನೆ. ಹಾಗೆ ಹೇಳಿದರೆ ಸಾಲದು, ಅಪ್ಪನ ಪಾಲಿಗೆ ಅದು ಒಂದು ಪದವಿಯೇ ಆಗಿತ್ತು. ಮೊಟ್ಟೆ ಹಾಕಿದ ಕೇಕು ಒಳಗೆ ಬರುವಂತಿರಲಿಲ್ಲ. ಶಾಲೆಯಲ್ಲಿ ಯಾರ ಡಬ್ಬಿಯಿಂದ ತಿಂದೆ ಎಂದು ಸಂಜೆ ವಿಚಾರಣೆ ನಡೆಯುತ್ತಿತ್ತು. ಊರಿನಿಂದ ಯಾರಾದರೂ ಬಂದರೆ ಅಪ್ಪ ಕಾಲು ಚಾಚಿ ಕೂತು, ಇಷ್ಟು ವರ್ಷ ದೆಹಲಿಯಲ್ಲಿದ್ದರೂ ನಾವು ಕೆಟ್ಟಿಲ್ಲ ನೋಡಿ ಎನ್ನುತ್ತಿದ್ದರು. ಬಂದವರು ತಲೆದೂಗುತ್ತಿದ್ದರು. ಅಮ್ಮ ಒಳಗೆ ಹೋಗಿ ಇನ್ನೊಂದು ಲೋಟ ಕಾಫಿ ಮಾಡುತ್ತಿದ್ದಳು. ಕೆಳಗಿನ ಮನೆಯ ಸೇಠಿ ಆಂಟಿ ಕುರಿಮಾಂಸ ಕೊಚ್ಚಿ ಕೀಮಾ ಮಾಡಿದ ದಿನ ನಮ್ಮ ಬೀದಿಯ ಕಡೆಯ ಕಿಟಕಿ ಮುಚ್ಚಿಸುತ್ತಿದ್ದವರು ಅಪ್ಪನೇ. ಅಮ್ಮನಿಗೆ ಅದರಿಂದ ಅಂಥ ತೊಂದರೆಯೇನೂ ಇರಲಿಲ್ಲ. ಸೇಠಿ ಆಂಟಿ ಅವಳ ಒಬ್ಬಳೇ ಗೆಳತಿ. ಚಳಿಗಾಲದ ಮಧ್ಯಾಹ್ನ ಇಬ್ಬರೂ ಹುಲ್ಲಿನ ಮೇಲೆ ಚಾಪೆ ಹಾಕಿಕೊಂಡು, ಅರ್ಧ ಹಿಂದಿ ಅರ್ಧ ಕೈಸನ್ನೆಯಲ್ಲಿ ಮಾತಾಡುತ್ತಾ ಸ್ವೆಟರ್ ಹೆಣೆಯುತ್ತಿದ್ದರು.

ನಾಯಿ ಬೇಕಾಗಿದ್ದು ಸುಧಿಗೆ. ಅವನು ಅಂಜುಬುರುಕ. ಶಾಲೆಯಲ್ಲಿ ಹುಡುಗರು ಅವನ ಹಿಂದಿಯನ್ನು ಆಡಿಕೊಳ್ಳುತ್ತಿದ್ದರು, ಮನೆಗೆ ಬಂದರೆ ಮಂಚದ ಕೆಳಗೆ ಸೇರಿಕೊಂಡು ಒಬ್ಬನೇ ಆಡುತ್ತಿದ್ದ. ಒಂದು ನಾಯಿ ಸಾಕಿ, ಹುಡುಗ ಸರಿಹೋಗುತ್ತಾನೆ ಎಂದು ಡಾಕ್ಟರು ಹೇಳಿದ ಮೇಲೆ ಅಪ್ಪ ಒಪ್ಪಿದರು. ಆದರೆ ಅಪ್ಪ ಆಫೀಸಿನ ಮನುಷ್ಯ, ಹತ್ತು ಜನರ ಅಭಿಪ್ರಾಯ ಕೇಳದೆ ಸೊಳ್ಳೆ ಪರದೆಯನ್ನೂ ಕೊಂಡವರಲ್ಲ. ಕನ್ನಡದ ಮನೆಗಳವರು ತಿಂಗಳಿಗೊಮ್ಮೆ ಯಾರದಾದರೂ ಮನೆಯಲ್ಲಿ ಸೇರುತ್ತಿದ್ದರು. ಆ ಸಲ ಸತ್ಯನಾರಾಯಣ ಪೂಜೆ. ಸಜ್ಜಿಗೆಯ ದೊನ್ನೆ ಹಿಡಿದುಕೊಂಡ ಗಂಡಸರ ನಡುವೆ ಅಪ್ಪ ವಿಷಯ ಎತ್ತಿದರು. ನಾನು ಅಲ್ಲೇ ನೆಲದ ಮೇಲೆ ಕೂತಿದ್ದೆ. ಯಾವ ನಾಯಿ ಮಕ್ಕಳನ್ನು ಪ್ರೀತಿಸುತ್ತದೆ, ಯಾವುದಕ್ಕೆ ಎಷ್ಟು ಓಡಾಟ ಬೇಕು, ದೆಹಲಿಯ ಸೆಕೆ ಯಾವುದು ತಡೆಯುತ್ತದೆ, ಇದೊಂದನ್ನೂ ಯಾರೂ ಕೇಳಲಿಲ್ಲ. ಕೇಳಿದ್ದು ಒಂದೇ ಪ್ರಶ್ನೆ: ಮಾಂಸ ಇಲ್ಲದೆ ಯಾವುದು ಬದುಕುತ್ತದೆ? ಅಲ್ಸೇಶಿಯನ್ ಆಗದು, ಅದಕ್ಕೆ ದಿನಾ ಬೇಕು. ಡಾಬರ್‌ಮನ್ ಅಂತೂ ಬೇಡವೇ ಬೇಡ. ಕೊನೆಗೆ ಒಬ್ಬರು ಗಂಟಲು ಸರಿಮಾಡಿಕೊಂಡು, ಪಾಮೇರಿಯನ್ ತಗೊಳ್ಳಿ, ಮೊಸರನ್ನ ತಿಂದ್ಕೊಂಡು ಬಿದ್ದಿರತ್ತೆ, ಅದು ನಮ್ಮವರ ಥರ ಎಂದರು. ಎಲ್ಲರೂ ನಕ್ಕರು. ಅಲ್ಲಿಗೆ ತೀರ್ಮಾನವಾಯಿತು. ಮಕ್ಕಳಿರುವ ಮನೆಗೆ ನಾಯಿ ಆರಿಸಿದ ರೀತಿ ಇದು. ಮದುವೆಗೆ ಹೆಣ್ಣು ನೋಡಿದ ಹಾಗೆ ಮನೆತನ, ಊಟ, ಆಚಾರ ಎಲ್ಲ ನೋಡಿದರು, ನಾಯಿಯನ್ನೊಂದು ಬಿಟ್ಟು.

ಕರೋಲ್ ಬಾಗಿನಲ್ಲಿದ್ದ ಅಪ್ಪನ ಸಹೋದ್ಯೋಗಿಯ ಮನೆಯಲ್ಲಿ ಮರಿಗಳಾಗಿದ್ದವು. ಒಂದು ಭಾನುವಾರ ಅಪ್ಪ ಸ್ಕೂಟರಿನ ಮುಂದೆ ರಟ್ಟಿನ ಪೆಟ್ಟಿಗೆ ಇಟ್ಟುಕೊಂಡು ಬಂದರು. ಪೆಟ್ಟಿಗೆಯಿಂದ ಮೊದಲು ಬಂದದ್ದು ಹಾಲಿನ, ಉಚ್ಚೆಯ, ಹಳೇ ಉಣ್ಣೆಯ ಬೆರಕೆ ವಾಸನೆ, ಆಮೇಲೆ ಒಂದು ಕರೀ ಮೂಗು. ಸುಧಿ ಅದನ್ನು ಎತ್ತಿಕೊಂಡು ಬೆಣ್ಣೆ ಎಂದ. ಅದೇ ಹೆಸರಾಯಿತು. ನಮ್ಮ ಬೆಣ್ಣೆ ನಿಜಕ್ಕೂ ಮೊಸರನ್ನ ತಿಂದಿತು. ಅದಕ್ಕೆ ಬೇರೆ ಏನನ್ನು ಕೊಟ್ಟಿದ್ದೆವು? ಬೆಳಿಗ್ಗೆ ಹಾಲಿನಲ್ಲಿ ಹಿಸುಕಿದ ಚಪಾತಿ, ಮಧ್ಯಾಹ್ನ ಒಗ್ಗರಣೆ ಹಾಕದ ಮೊಸರನ್ನ, ಸಂಜೆ ಬೇಯಿಸಿದ ಕ್ಯಾರೆಟ್ಟು. ಏಕಾದಶಿಯ ದಿನ ಅಪ್ಪನ ಅಪ್ಪಣೆಯಂತೆ ಅದಕ್ಕೂ ಅವಲಕ್ಕಿಯೇ. ಬಂದವರ ಮುಂದೆ ಅಪ್ಪ ಅದರ ತಟ್ಟೆ ತೋರಿಸಿ, ನಮ್ಮ ಮನೆಯಲ್ಲಿ ನಾಯಿ ಕೂಡ ಆಚಾರವಂತ ಎನ್ನುತ್ತಿದ್ದರು. ಅಮ್ಮ ಮಾತ್ರ ಯಾರಿಗೂ ಹೇಳದೆ ಅದರ ಅನ್ನಕ್ಕೆ ಒಂದು ಚಮಚ ತುಪ್ಪ ಹೆಚ್ಚಿಗೆ ಹಾಕುತ್ತಿದ್ದಳು. ಪಾಪ, ಇದು ಬೆಳೆಯೋ ಮೈ, ಎಂದುಕೊಳ್ಳುತ್ತಿದ್ದಳು.

ಕೆಂಪು ಗುರುತು ಹಾಕಿದವರಿಗೆ ಬೆಣ್ಣೆಯನ್ನು ತೋರಿಸಬೇಕಿತ್ತು. ಹೌದು, ಅದು ಹಾಲಿನವನಿಗೆ, ಪೋಸ್ಟಿನವನಿಗೆ, ಗಾಳಿಗೆ ಅಲುಗುವ ಪರದೆಗೆ ಬೊಗಳುತ್ತಿತ್ತು. ಅಪರಿಚಿತರು ಕೈಚಾಚಿದರೆ ಗುರ್ ಎನ್ನುತ್ತಿತ್ತು. ಆದರೆ ಸುಧಿ ಅದರ ಹೊಟ್ಟೆಯ ಮೇಲೆ ತಲೆಯಿಟ್ಟು ಕೂಲರಿನ ಮುಂದೆ ಮಲಗಿದರೆ ಅವನು ಏಳುವ ತನಕ ಕಾಲು ಕೂಡ ಚಾಚುತ್ತಿರಲಿಲ್ಲ. ಅವನು ಅದರ ಬಾಯಿಯೊಳಗೆ ಕೈಹಾಕಿ ಹಲ್ಲು ಎಣಿಸುತ್ತಿದ್ದ, ಕಿವಿಗೆ ಬಟ್ಟೆ ಕ್ಲಿಪ್ಪು ಸಿಕ್ಕಿಸುತ್ತಿದ್ದ, ನನ್ನ ಹಳೇ ಫ್ರಾಕು ತೊಡಿಸಿ ಮೆಟ್ಟಿಲಿಳಿಸುತ್ತಿದ್ದ. ಒಂದು ಸಲವೂ ಅದು ಅವನಿಗೆ ಹಲ್ಲು ತಾಗಿಸಲಿಲ್ಲ. ಬೆಣ್ಣೆ ಬಂದ ಮೇಲೆ ಸುಧಿ ಮಂಚದ ಕೆಳಗಿನಿಂದ ಹೊರಬಂದ. ಬೀದಿಯ ಹುಡುಗರೆಲ್ಲ ನಾಯಿಯನ್ನು ಮುಟ್ಟಬೇಕಾದರೆ ಅವನನ್ನು ಕೇಳಬೇಕಿತ್ತು. ಹಾಗೆ ಕೇಳುತ್ತ ಕೇಳುತ್ತ ಅವರು ಅವನ ಗೆಳೆಯರಾದರು. ಅವನ ಹಿಂದಿಯೂ ಸರಿಯಾಯಿತು. ಐದಾರು ವರ್ಷದ ಹುಡುಗ ಸಂಜೆ ನಾಯಿಯ ಹಗ್ಗ ಹಿಡಿದು ಎದೆಯುಬ್ಬಿಸಿ ಬೀದಿಯಲ್ಲಿ ನಡೆಯುವುದನ್ನು ಅಮ್ಮ ಕಮಾನಿನಲ್ಲಿ ನಿಂತು ನೋಡುತ್ತಿದ್ದಳು. ನಮ್ಮ ಮನೆಯ ಒಳ್ಳೆಯ ದಿನಗಳು ಅಂದರೆ ಅವೇ.

ಅಪ್ಪ ದಿನಾ ಚಾರ್ಟರ್ಡ್ ಬಸ್ಸಿನಲ್ಲಿ ಆರು ಗಂಟೆಗೆಲ್ಲ ಬಂದುಬಿಡುತ್ತಿದ್ದರು. ಬೆಣ್ಣೆ ಒಂದು ಸಲ ಬಾಲ ಅಲ್ಲಾಡಿಸಿ ಮತ್ತೆ ಸುಧಿಯ ಹತ್ತಿರ ಹೋಗುತ್ತಿತ್ತು, ಅಪ್ಪನಿಗೂ ಅದಕ್ಕೂ ಅಷ್ಟಕ್ಕಷ್ಟೆ. ಶುಕ್ರವಾರ ಮಾತ್ರ ಅಪ್ಪನಿಗೆ ಮೀಟಿಂಗು. ಅವತ್ತು ತಡವಾಗಿ, ಯಾರದೋ ಸ್ಕೂಟರಿನಲ್ಲಿ ಬಂದು ಇಳಿಯುತ್ತಿದ್ದರು. ಬಾಯಲ್ಲಿ ಸೋಂಪು, ಕೈಯಲ್ಲಿ ಹೋಟೆಲಿನ ಸೋಪಿನ ಗುಲಾಬಿ ವಾಸನೆ. ಅವತ್ತು ಬೆಣ್ಣೆಗೆ ಏನಾಗುತ್ತಿತ್ತೋ! ಮೆಟ್ಟಿಲ ಮೇಲೆ ಅವರ ಹೆಜ್ಜೆ ಕೇಳುವ ಮೊದಲೇ ಬಾಗಿಲಿಗೆ ಹೋಗಿ ನಿಂತು ಕುಂಯ್‌ಗುಡುತ್ತಿತ್ತು. ಅಪ್ಪ ಒಳಗೆ ಬಂದರೆ ಅವರ ಬೆರಳು, ಅಂಗಿಯ ತೋಳು, ಜೇಬು ಎಲ್ಲ ಮೂಸಿ ನೆಕ್ಕುತ್ತಿತ್ತು. ಅವರು ಕುರ್ಚಿಯಲ್ಲಿ ಕೂತರೆ ಮೊಣಕಾಲ ಮೇಲೆ ಕಾಲಿಟ್ಟು ಅವರ ಮೀಸೆಗೇ ಮೂತಿ ಒಡ್ಡುತ್ತಿತ್ತು. ಅದನ್ನ ಆಚೆ ಕಟ್ಟಿ ಎಂದು ಅಪ್ಪ ಗದರುತ್ತಿದ್ದರು. ಸುಧಿಗೆ ಸಂತೋಷ. ಬೆಣ್ಣೆಗೆ ಅಪ್ಪನನ್ನು ಕಂಡರೆ ಶುಕ್ರವಾರ ಪ್ರೀತಿ ಬರುತ್ತೆ ಎಂದು ಅವನು ಊರಿಗೆಲ್ಲ ಹೇಳಿಕೊಂಡು ಬಂದಿದ್ದ.

ನಾನು ಒಂಬತ್ತು ವರ್ಷದವಳು, ಇಬ್ಬರಲ್ಲಿ ದೊಡ್ಡವಳು. ನನಗೆ ತಿಳಿದದ್ದು ಸೇಠಿ ಆಂಟಿಯ ಬಾಗಿಲಲ್ಲಿ. ಒಂದು ಮಧ್ಯಾಹ್ನ ಬೆಣ್ಣೆಯನ್ನು ಕೆಳಗಿಳಿಸಿಕೊಂಡು ಬರುತ್ತಿದ್ದೆ. ಅವರ ಮನೆಯೊಳಗೆ ಕೀಮಾ ಬೇಯುತ್ತಿತ್ತು. ಬೆಣ್ಣೆ ಬಾಗಿಲಲ್ಲೇ ನಿಂತುಬಿಟ್ಟಿತು. ಅದೇ ಕುಂಯ್‌ಗುಡುವುದು, ಮುಂಗಾಲು ಎತ್ತಿ ಎತ್ತಿ ಇಡುವುದು, ಮೂಗಿನ ಹೊಳ್ಳೆ ಅಲುಗಿಸುವುದು. ಶುಕ್ರವಾರದ ಮುಖ. ಸೇಠಿ ಆಂಟಿ ಹೊರಗೆ ಬಂದು ನೋಡಿ ನಕ್ಕರು. ನಹೀಂ ಬೇಟಾ, ತೇರೀ ಮಮ್ಮೀ ಕೋ ಪ್ರಾಮಿಸ್ ಕಿಯಾ ಹೈ ಎಂದು ಬೆಣ್ಣೆಗೇ ಹೇಳಿ, ಅದರ ತಲೆ ಸವರಿ, ಬಾಗಿಲು ಹಾಕಿಕೊಂಡರು. ಅಮ್ಮನಿಗೆ ಕೊಟ್ಟ ಮಾತು ಅದು, ಈ ನಾಯಿಗೆ ಒಂದು ಚೂರನ್ನೂ ಕೊಡುವುದಿಲ್ಲ ಎಂದು. ನಾನು ಮೆಟ್ಟಿಲ ಮೇಲೆ ಕೂತು ಬೆಣ್ಣೆಯ ಮುಖ ನೋಡಿದೆ. ಯಾರಿಗೂ ಹೇಳಲಿಲ್ಲ. ಹೇಳುವುದಕ್ಕೆ ಏನಿತ್ತು? ಅಪ್ಪ ಏನು ತಿಂದರೂ ನನಗೆ ಏನೂ ಅನಿಸುತ್ತಿರಲಿಲ್ಲ, ಇವತ್ತಿಗೂ ಅನಿಸುವುದಿಲ್ಲ. ಆರೋಗ್ಯವಾಗಿ ತಿನ್ನಲಿ. ನನ್ನ ಸಿಟ್ಟು ಅದಲ್ಲ.

ಊರಿನಿಂದ ಅಪ್ಪನ ದೊಡ್ಡಣ್ಣ, ನಮ್ಮ ದೊಡ್ಡಪ್ಪ, ಕಾಶಿಗೆ ಹೋಗುವ ದಾರಿಯಲ್ಲಿ ನಮ್ಮಲ್ಲಿ ಇಳಿದುಕೊಂಡರು. ಅಂದು ಶುಕ್ರವಾರ. ಅವರು ಮರುದಿನ ಬರಬೇಕಿತ್ತು, ಟಿಕೆಟ್ಟಿನಲ್ಲಿ ಏನೋ ಬದಲಾಗಿ ಒಂದು ದಿನ ಮುಂಚೆಯೇ ಬಂದಿದ್ದರು. ಆಫೀಸಿನಲ್ಲಿದ್ದ ಅಪ್ಪನಿಗೆ ಗೊತ್ತಿರಲಿಲ್ಲ. ಸಂಜೆ ದೊಡ್ಡಪ್ಪ ಸ್ನಾನ ಮುಗಿಸಿ, ಮಡಿ ಪಂಚೆಯುಟ್ಟು, ಸೋಫಾದ ಮೇಲೆ ಕೂತು ಸುಧಿಯಿಂದ ಮಗ್ಗಿ ಹೇಳಿಸುತ್ತಿದ್ದರು. ಅಪ್ಪ ಬಂದರು. ಅಣ್ಣನನ್ನು ಕಂಡು ಬಾಗಿಲಲ್ಲೇ ತಡೆದು ನಿಂತರು, ಆಮೇಲೆ ಕಾಲಿಗೆ ನಮಸ್ಕಾರ ಮಾಡಲು ಬಗ್ಗಿದರು. ಬಗ್ಗಿದ್ದೇ ತಡ, ಬೆಣ್ಣೆ ಅವರ ಪ್ಯಾಂಟಿನ ಜೇಬಿನಿಂದ ಕರ್ಚೀಫು ಎಳೆದುಕೊಂಡಿತು. ಅಲ್ಲೇ, ದೊಡ್ಡಪ್ಪನ ಪಾದದ ಮುಂದೆಯೇ ಹಾಸಿಕೊಂಡು, ಎರಡೂ ಮುಂಗಾಲಲ್ಲಿ ಒತ್ತಿ ಹಿಡಿದು, ಕಣ್ಣು ಮುಚ್ಚಿ ಅದನ್ನು ಚೀಪತೊಡಗಿತು. ಬಿಳಿ ಬಟ್ಟೆಯ ಮೇಲೆ ಅರಿಸಿನ ಬಣ್ಣದ ಎಣ್ಣೆ ಕಲೆ. ದೊಡ್ಡಪ್ಪ ಕರ್ಚೀಫು ನೋಡಿದರು, ತಮ್ಮನ ಮುಖ ನೋಡಿದರು. ಏನಪ್ಪಾ, ನಿನ್ನ ನಾಯಿಗೆ ಮನೇಲಿ ಊಟ ಸಾಲಲ್ವೇನೋ ಎಂದರು ಮೆಲ್ಲಗೆ. ಅವರಿಗೆ ಎಷ್ಟು ಅರ್ಥವಾಗಿತ್ತೋ ನನಗೆ ಗೊತ್ತಿಲ್ಲ. ಅಪ್ಪನ ಕಿವಿ ಕೆಂಪಾಯಿತು. ಸಮೋಸಾ ತಿಂದು ಕೈ ಒರೆಸಿಕೊಂಡಿದ್ದೆ ಎಂದರು. ಯಾರೂ ಕೇಳದ ಪ್ರಶ್ನೆಗೆ ಅಪ್ಪ ಉತ್ತರ ಕೊಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು.

ದೊಡ್ಡಪ್ಪ ಕಾಶಿಗೆ ಹೊರಟ ಮೇಲೆ ಅಪ್ಪ ನಮ್ಮನ್ನೆಲ್ಲ ಊಟದ ಮೇಜಿನ ಸುತ್ತ ಕೂರಿಸಿಕೊಂಡು ತೀರ್ಪು ಕೊಟ್ಟರು. ಕೆಳಗಿನ ಮನೆಯವರು ಬೆಣ್ಣೆಗೆ ಕದ್ದು ಮೂಳೆ ಹಾಕುತ್ತಿದ್ದಾರೆ. ಅದಕ್ಕೆ ಮಾಂಸದ ರುಚಿ ಹತ್ತಿದೆ. ಅದಕ್ಕೇ ಎಲ್ಲರ ಮೈ ಮೇಲೆ ಬೀಳುತ್ತದೆ. ರುಚಿ ಹತ್ತಿದ ನಾಯಿ ಇವತ್ತು ಕರ್ಚೀಫು ಕಚ್ಚುತ್ತದೆ, ನಾಳೆ ಸುಧಿಯ ಕೈ ಕಚ್ಚುತ್ತದೆ. "ಇದು ಮಕ್ಕಳಿರೋ ಮನೆ. ಇಂಥ ನಾಯಿ ಇಟ್ಟುಕೊಳ್ಳೋಕಾಗಲ್ಲ" ಎಂದರು. ಸುಧಿ ಅಳಲಿಲ್ಲ. ಕಚ್ಚಲ್ಲ ಅಪ್ಪ, ಅದು ಕಚ್ಚಲ್ಲ, ಬೇಕಾದರೆ ನೋಡಿ ಎಂದು ಕುರ್ಚಿಯಿಂದಿಳಿದು, ಬೆಣ್ಣೆಯ ಬಾಯಿ ಅಗಲಿಸಿ ತನ್ನ ಇಡೀ ಮುಂಗೈಯನ್ನು ಒಳಗೆ ಹಾಕಿ ಅಪ್ಪನ ಕಡೆ ತಿರುಗಿದ. ಬೆಣ್ಣೆ ಬಾಯಿ ತೆರೆದುಕೊಂಡೇ ನಿಂತಿತ್ತು, ಬಾಲ ಅಲ್ಲಾಡಿಸುತ್ತ. ಆರು ವರ್ಷದ ಹುಡುಗ ತನಗೆ ತಿಳಿದ ಸಾಕ್ಷಿಯನ್ನು ತಂದು ಮುಂದಿಟ್ಟಿದ್ದ. ಅಪ್ಪ ಬೇರೆ ಕಡೆ ನೋಡಿದರು. ಆಗ ನನಗೆ ತಡೆಯಲಾಗಲಿಲ್ಲ. "ಮತ್ತೆ ಶುಕ್ರವಾರ ಮಾತ್ರ ಯಾಕಪ್ಪ ನಿಮ್ಮ ಕೈ ನೆಕ್ಕತ್ತೆ?" ಎಂದೆ.

ಅಮ್ಮ ನನ್ನ ಕೆನ್ನೆಗೆ ಹೊಡೆದಳು. ಅದಕ್ಕೆ ಮೊದಲೂ ಹೊಡೆದಿರಲಿಲ್ಲ, ಆಮೇಲೂ ಹೊಡೆಯಲಿಲ್ಲ. ಹೊಡೆದು, ಏಳು, ಒಳಗೆ ಹೋಗು ಎಂದಳು.

ಭಾನುವಾರ ಬೆಳಿಗ್ಗೆ ಅಪ್ಪ ಬೆಣ್ಣೆಯನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಹೋದರು. ಅದಕ್ಕೆ ಸ್ಕೂಟರೆಂದರೆ ಇಷ್ಟ, ಗಾಳಿಗೆ ಕಿವಿ ಹಿಂದಕ್ಕೆ ಮಾಡಿಕೊಂಡು ನಗುತ್ತಿರುವ ಹಾಗೆ ಹೋಯಿತು. ಎಲ್ಲಿ ಬಿಟ್ಟಿರಿ ಎಂದು ಸುಧಿ ಕೇಳಿದರೆ ಫರೀದಾಬಾದಿನಲ್ಲಿ ದೊಡ್ಡ ತೋಟ ಇರುವವರ ಮನೆ ಎಂದರು. ಕನ್ನಡದ ಮನೆಗಳಲ್ಲಿ ಯಾರೋ ಕೇಳಿದಾಗ ಆಫೀಸಿನ ಡ್ರೈವರಿಗೆ ಕೊಟ್ಟೆ ಎಂದರು. ಇನ್ನೊಂದು ಸಲ ಕರೋಲ್ ಬಾಗಿನವರೇ ವಾಪಸ್ಸು ತೆಗೆದುಕೊಂಡರು ಎಂದರು. ಸುಳ್ಳು ಹೇಳುವವರಿಗೆ ಒಂದೇ ಸುಳ್ಳಿಗೆ ಅಂಟಿಕೊಳ್ಳುವಷ್ಟಾದರೂ ಮರ್ಯಾದೆ ಇರಬೇಡವೆ? ಮೊಸರನ್ನ ಬಿಟ್ಟು ಏನನ್ನೂ ತಿಳಿಯದ, ಕನ್ನಡ ಬಿಟ್ಟು ಯಾವ ಮಾತೂ ಅರ್ಥವಾಗದ ಆ ನಾಯಿ ಯಾವ ಬೀದಿಯಲ್ಲಿ ಯಾವ ನಾಯಿಗಳ ನಡುವೆ ಹೋಗಿ ನಿಂತಿತೋ. ಸೇಠಿ ಆಂಟಿಗೆ ವಿಷಯ ತಿಳಿದು ಮೇಲೆ ಬಂದರು. ಅವರ ಕೈಗೆ ಹಿಟ್ಟು ಮೆತ್ತಿಕೊಂಡಿತ್ತು. ಬಾಗಿಲಲ್ಲೇ ನಿಂತು, ಭಾಯಿಸಾಬ್, ನಾನು ಒಂದು ಚೂರೂ ಕೊಟ್ಟಿಲ್ಲ, ನನ್ನ ಮಕ್ಕಳಾಣೆ ಎಂದು ಹಿಂದಿಯಲ್ಲಿ ಹೇಳಿದರು. ಅಪ್ಪ ಪೇಪರಿನಿಂದ ತಲೆಯೆತ್ತಲಿಲ್ಲ. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಸೆರಗು ಹಿಡಿದುಕೊಂಡು ನಿಂತಿದ್ದಳು. ಸೇಠಿ ಆಂಟಿ ಸ್ವಲ್ಪ ಹೊತ್ತು ಅವಳನ್ನೇ ನೋಡಿ ಇಳಿದುಹೋದರು. ಆ ಚಳಿಗಾಲ ಹುಲ್ಲಿನ ಮೇಲೆ ಎರಡು ಚಾಪೆಗಳನ್ನು ಬೇರೆ ಬೇರೆ ಕಡೆ ಹಾಸುತ್ತಿದ್ದರು. ಮುಂದಿನ ಚಳಿಗಾಲಕ್ಕೆ ಅವರಿಗೆ ಬೇರೆ ಕಡೆ ಮನೆ ಸಿಕ್ಕಿತ್ತು.

ದೀಪಾವಳಿಗೆ ಬಟ್ಟೆ ಕೊಳ್ಳಲು ಅಪ್ಪ ನಮ್ಮಿಬ್ಬರನ್ನೂ ಕರೋಲ್ ಬಾಗಿಗೆ ಕರೆದುಕೊಂಡು ಹೋಗಿದ್ದರು. ಸೈಕಲ್ ರಿಕ್ಷಾಗಳ ನಡುವೆ ಕೈ ಹಿಡಿದುಕೊಂಡು ನಡೆಯುತ್ತಿದ್ದಾಗ, ಒಂದು ತಂದೂರಿ ಅಂಗಡಿಯ ಮುಂದೆ ಕಂಬಿಗೆ ಕೋಳಿ ಪೋಣಿಸುತ್ತಿದ್ದವನು ಅಪ್ಪನನ್ನು ಕಂಡು ಮುಖ ಅರಳಿಸಿ, ಸಾಬ್, ಆಜ್ ಬಚ್ಚೋಂ ಕೇ ಸಾಥ್?, ಇವತ್ತು ಮಕ್ಕಳ ಜೊತೆಗಾ, ಎಂದು ಸಲಾಮು ಹೊಡೆದ. ಅಪ್ಪ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದು ಎಳೆದರೆಂದರೆ ಬಳೆ ಒಡೆಯಿತು. ಯಾರಪ್ಪ ಅವರು ಎಂದು ಸುಧಿ ಕೇಳಿದ. ನಮ್ಮ ಆಫೀಸಿನವನು ಎಂದರು ಅಪ್ಪ. ಸುಧಿ ನಂಬಿದ. ಅವನು ಎಲ್ಲವನ್ನೂ ನಂಬುತ್ತಿದ್ದ. ಫರೀದಾಬಾದಿನ ತೋಟಕ್ಕೆ ಯಾವಾಗ ಹೋಗೋದು ಎಂದು ವರ್ಷಗಟ್ಟಲೆ ಕೇಳಿದ. ಊಟದ ಕೊನೆಗೆ ಒಂದು ತುತ್ತು ಮೊಸರನ್ನ ತಟ್ಟೆಯ ಅಂಚಿಗೆ ತೆಗೆದಿಡುತ್ತಿದ್ದ. ಅಮ್ಮ ಅದನ್ನು ಹಾಗೇ ಎತ್ತಿಕೊಂಡು ಹೋಗುತ್ತಿದ್ದಳು. ಮತ್ತೆ ಅವನು ಮಂಚದ ಕೆಳಗೆ ಹೋಗಲಿಲ್ಲ ನಿಜ, ಆದರೆ ಬೀದಿಗೂ ಹೋಗಲಿಲ್ಲ. ಈಗ ದೆಹಲಿಯಲ್ಲೇ, ದ್ವಾರಕಾದಲ್ಲಿ ಹಲ್ಲಿನ ಡಾಕ್ಟರು. ಯಾವ ನಾಯಿ ತರಲಿ ಎಂದು ಮೊನ್ನೆ ಫೋನು ಮಾಡಿದರೆ, ಅದೊಂದು ಮಾತ್ರ ನನ್ನನ್ನ ಕೇಳಬೇಡ ಕಣೆ ಎಂದು ಇಟ್ಟುಬಿಟ್ಟ.

ಅಪ್ಪ ತೀರಿಕೊಂಡು ಕೆಲವು ವರ್ಷಗಳಾದವು. ಕೊನೆಗಾಲದಲ್ಲಿ ಮೈ ಇಳಿದುಹೋಗಿದ್ದಾಗ, ದಿನಕ್ಕೊಂದು ಮೊಟ್ಟೆಯನ್ನಾದರೂ ಕೊಡಿ, ಸೂಪು ಕುಡಿಸಿದರೆ ಇನ್ನೂ ಒಳ್ಳೆಯದು ಎಂದು ಡಾಕ್ಟರು ಹೇಳಿದರು. ಹಾಸಿಗೆಯ ಸುತ್ತ ನೆಂಟರಿದ್ದರು. ಪ್ರಾಣ ಹೋದರೂ ಅದೊಂದು ಆಗದು ಎಂದು ಅಪ್ಪ ಕೈಯಾಡಿಸಿದರು. ಎಂಥ ನಿಷ್ಠೆ ಎಂದು ಎಲ್ಲರೂ ಕಣ್ಣೊರೆಸಿಕೊಂಡರು. ನಾನು ಕಿಟಕಿಯ ಹತ್ತಿರ ನಿಂತು ಹಲ್ಲು ಕಡಿಯುತ್ತಿದ್ದೆ. ಇಷ್ಟಪಟ್ಟದ್ದನ್ನು ಸಾಯುವಾಗಲೂ ಬಾಯಿಬಿಟ್ಟು ಕೇಳಲಾಗದ ಆ ಮನುಷ್ಯನ ಮೇಲೆ ಒಂದು ಗಳಿಗೆ ಮರುಕವೂ ಬಂತು. ಒಂದೇ ಗಳಿಗೆ. ಅಪ್ಪಾ, ನೀವು ತಿನ್ನಿ, ಬಿಡಿ, ಅದು ನಿಮ್ಮ ಹೊಟ್ಟೆ. ಆದರೆ ನಿಮ್ಮ ಬಾಯಿಯ ಮಾನ ಉಳಿಸಿಕೊಳ್ಳಲು ಒಂದು ಮಗುವಿನ ನಾಯಿಯನ್ನು ಬೀದಿಗೆ ಹಾಕಿದಿರಲ್ಲ, ಅದಕ್ಕೂ ಮಕ್ಕಳ ಹೆಸರನ್ನೇ ಮುಂದೆ ಮಾಡಿದಿರಲ್ಲ. ಮಕ್ಕಳಿರುವ ಮನೆಯಂತೆ! ಆ ಮನೆಯಲ್ಲಿ ಮಕ್ಕಳು ಇದ್ದದ್ದು ನೆಪಕ್ಕೆ ಬೇಕಾದಾಗ ಮಾತ್ರ.

ಹುಟ್ಟುಹಬ್ಬದ ಊಟ ಆದ ಮರುದಿನ ಭಾನುವಾರ. ಅಮ್ಮ ಈಗ ನಮ್ಮ ಜೊತೆಯಲ್ಲೇ ನೋಯ್ಡಾದಲ್ಲಿದ್ದಾಳೆ. ಬಾಲ್ಕನಿಯ ಬಿಸಿಲಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದಳು. ತಾರಾ ಅವಳ ಪಕ್ಕ ಕೂತು ಫೋನಿನ ಪುಟ ತೋರಿಸುತ್ತ, ಅಜ್ಜಿ, ಲ್ಯಾಬ್ರಡಾರ್ ಸಬ್ ಸೇ ಬೆಸ್ಟ್ ಹೈ, ಬಚ್ಚೋಂ ಜೊತೆ ಚೆನ್ನಾಗಿರತ್ತಂತೆ ಎಂದು ತನ್ನ ಬೆರಕೆ ಕನ್ನಡದಲ್ಲಿ ವಿವರಿಸುತ್ತಿದ್ದಳು. ಮೋಹನ್ ಒಳ್ಳೆಯ ಮನುಷ್ಯ, ಅತ್ತೆಗೆ ಬೇಸರವಾಗಬಾರದು ಎಂಬ ಕಾಳಜಿ ಅವನಿಗೆ. ಅಮ್ಮಾ, ನೀವೇನೂ ಯೋಚನೆ ಮಾಡಬೇಡಿ, ಈಗ ನಾಯಿಗೂ ಪ್ಯೂರ್ ವೆಜ್ ಊಟ ಸಿಗತ್ತೆ, ಇಲ್ಲಾಂದ್ರೆ ಮೊಸರನ್ನ ಹಾಕಿದರಾಯಿತು ಎಂದ. ನಾನು ಒಳಗೆ ಬಟ್ಟೆ ಮಡಿಸುತ್ತಿದ್ದವಳು ಹೊರಗೆ ಬಂದೆ. ಹಾಗಾದರೆ ನಾಯಿಯೇ ಬೇಡ ಎಂದು ಕೂಗಿದೆ. ಇನ್ನೊಂದು ನಾಯಿಗೆ ಆಚಾರ ಕಲಿಸುವುದು ಬೇಡ, ಆಮೇಲೆ ಮೂಗಿದ್ದ ತಪ್ಪಿಗೆ ಅದನ್ನು ಹೊರಗೆ ಹಾಕುವುದೂ ಬೇಡ, ಈ ಮನೆಗೆ ನಾಯಿ ಬರುವುದಿಲ್ಲ, ಮುಗಿಯಿತು ಎಂದೆ. ತಾರಾಳ ಕಣ್ಣು ತುಂಬಿತು. ಮೋಹನ್ ಏನೂ ತಿಳಿಯದೆ ನನ್ನ ಮುಖ ನೋಡಿದ. ಅವನಿಗೆ ಈ ಕಥೆಯನ್ನು ನಾನು ಯಾವತ್ತೂ ಹೇಳಿರಲಿಲ್ಲ.

ಅಮ್ಮ ಬಟಾಣಿಯ ತಟ್ಟೆಯನ್ನು ಪಕ್ಕಕ್ಕಿಟ್ಟಳು. ಮೋಹನ್ ಮಗಳನ್ನು ಒಳಗೆ ಕರೆದುಕೊಂಡು ಹೋಗುವ ತನಕ ಕಾದಳು. ಆಮೇಲೆ, "ಮಗೂ ಮೇಲೆ ಯಾಕೆ ಕೂಗಾಡ್ತೀಯ ಶೈಲು? ನಿನ್ನ ಸಿಟ್ಟು ಯಾರ ಮೇಲೆ ಅಂತ ನಂಗೊತ್ತು. ನಿಮ್ಮಪ್ಪನ ಶರ್ಟು ಒಗೀತಿದ್ದೋಳು ನಾನು" ಎಂದಳು.

ನಾನು ಬಾಲ್ಕನಿಯ ಕಂಬಿ ಹಿಡಿದುಕೊಂಡೆ. ಇಷ್ಟು ವರ್ಷ ನಾನು ಒಬ್ಬಳೇ ಹೊತ್ತುಕೊಂಡಿದ್ದೇನೆ ಅಂದುಕೊಂಡಿದ್ದನ್ನು ಅವಳು ವಾರವಾರ ಸೋಪು ಹಚ್ಚಿ ಉಜ್ಜಿದ್ದಳು. ಗೊತ್ತಿದ್ದೂ ನನಗೆ ಹೊಡೆದೆಯಾ ಎಂದು ಕೇಳಿದೆ. ಗೊತ್ತಿದ್ದೂ ಸೇಠಿ ಆಂಟಿಯನ್ನು ಹಾಗೆ ಕಳಿಸಿದೆಯಾ ಎಂದೆ. ನನ್ನ ಗಂಟಲು ಒಂಬತ್ತು ವರ್ಷದವಳ ಗಂಟಲಾಗಿತ್ತು. ಅಮ್ಮ ಬೆರಳಿಗೆ ಅಂಟಿದ್ದ ಬಟಾಣಿ ಸಿಪ್ಪೆಯ ನಾರನ್ನು ಬಿಡಿಸಿಕೊಳ್ಳುತ್ತ ಹೇಳಿದಳು: "ನೀನು ಇನ್ನೊಂದು ಮಾತಾಡಿದ್ರೆ ಅವರು ಉತ್ತರ ಕೊಡಬೇಕಾಗ್ತಿತ್ತು. ಕೊಟ್ಟ ಮೇಲೆ ನಾನು ಆ ಮನೇಲಿ ಹೇಗಿರಬೇಕಿತ್ತು, ನೀನೇ ಹೇಳು. ನಾಯಿ ಹೋದ್ರೆ ಮನೆ ಉಳಿಯತ್ತೆ ಅಂದ್ಕೊಂಡೆ."

ಯಾವ ಮನೆ ಉಳಿಯಿತಮ್ಮ ಎಂದು ಕೇಳಬೇಕೆನಿಸಿತು. ಸುಧಿ ನಮ್ಮೊಂದಿಗೆ ಕೂತು ಊಟ ಮಾಡುವುದಿಲ್ಲ. ನಿನಗೆ ಒಬ್ಬ ಗೆಳತಿ ಇಲ್ಲ. ಅಪ್ಪನ ಫೋಟೊಗೆ ನಾನು ಹಾರ ಹಾಕುವುದು ನೀನು ನೋಡುತ್ತಿದ್ದರೆ ಮಾತ್ರ. ಕೇಳಲಿಲ್ಲ. ಬಿಸಿಲಲ್ಲಿ ಅವಳ ತಲೆ ಪೂರ್ತಿ ಬೆಳ್ಳಗೆ ಕಾಣುತ್ತಿತ್ತು. ಬೆಣ್ಣೆಯನ್ನು ಎಲ್ಲಿ ಬಿಟ್ಟರು ಎಂದಷ್ಟೇ ಕೇಳಿದೆ. ಅವಳು ತಲೆಯಾಡಿಸಿದಳು. ಕೇಳಲಿಲ್ಲ ಕಣೆ, ಕೇಳಿದ್ದರೆ ಹೇಳಿಬಿಡುತ್ತಾರೇನೋ ಎಂದು ಹೆದರಿಕೆಯಾಯಿತು ಎಂದಳು. ನನ್ನ ಸಿಟ್ಟು ಇಳಿಯಲಿಲ್ಲ, ಇಳಿಯಿತೆಂದು ಬರೆದರೆ ಸುಳ್ಳಾಗುತ್ತದೆ. ಅದರಲ್ಲಿ ಒಂದು ಪಾಲು ಅಪ್ಪನಿಂದ ಕಳಚಿಕೊಂಡು ಅವಳ ಕಡೆ ಬಂತು, ಬಂದು ಅವಳ ಕೈ ಬೆರಳುಗಳನ್ನು ನೋಡಿ ಏನು ಮಾಡುವುದೆಂದು ತಿಳಿಯದೆ ನಿಂತಿತು.

ಅಮ್ಮ ಗೋಡೆ ಹಿಡಿದು ಎದ್ದಳು. ಒಳಗೆ ಹೋಗಿ ತಾರಾಳನ್ನು ಕರೆದು, ಆ ಐದು ನಕ್ಷತ್ರದ್ದು ಬೇಡ, ನಿನಗೆ ಯಾವುದು ಇಷ್ಟವೋ ಅದನ್ನು ತಾ, ಅದು ಏನು ತಿನ್ನುತ್ತದೋ ಅದನ್ನೇ ಹಾಕೋಣ ಎಂದಳು. ಬಾಗಿಲು ತೆರೆದಿಟ್ಟೇ ಹಾಕೋಣ ಎಂದೂ ಸೇರಿಸಿದಳು. ಹುಡುಗಿಗೆ ಅದು ಅರ್ಥವಾಗಲಿಲ್ಲ, ಅವಳು ಅಜ್ಜಿಯ ಸೊಂಟ ತಬ್ಬಿಕೊಂಡಳು. ಎಪ್ಪತ್ತು ದಾಟಿದ, ಮೊಟ್ಟೆಯನ್ನೂ ಮುಟ್ಟದ ನನ್ನ ಅಮ್ಮ ಅಡುಗೆಮನೆಗೆ ಹೋಗಿ, ಹಳೇ ಕುಕ್ಕರನ್ನು ಅಟ್ಟದಿಂದ ಇಳಿಸಿಕೊಡು ಎಂದು ಮೋಹನನಿಗೆ ಹೇಳಿದಳು. ಅದನ್ನು ಬೇರೆ ಇಡೋಣ, ನಾಯಿಯ ಅಡುಗೆಗೆ. ಆಮೇಲೆ ನನ್ನ ಕಡೆ ತಿರುಗಿ, ಕೋಳಿ ಬೇಯೋಕೆ ಎಷ್ಟು ವಿಷಲ್ ಕೂಗಿಸಬೇಕೇ ಎಂದು ಕೇಳಿದಳು.

ನನಗೆ ಗೊತ್ತಿರಲಿಲ್ಲ. ಮೋಹನನಿಗೂ ಗೊತ್ತಿರಲಿಲ್ಲ. ಅದು ಎಷ್ಟು ಬೆಂದರೆ ಚೆನ್ನ ಎಂದು ಬಲ್ಲವರು ನಮ್ಮ ಮನೆಯಲ್ಲಿ ಒಬ್ಬರೇ ಇದ್ದರು. ಅವರು ಬಾಯಿ ಬಿಡದೆಯೇ ಹೋದರು.